ರಸ್ತೆಗೆ ಮೊದಲು ನೀರಿನ ದಾರಿ: ಊರಿನ ಚಂದ ಕೆಡದ ಹಾಗೆ ಸೌಕರ್ಯ ತರುವುದು ಹೇಗೆ?

ನಮ್ಮ ಗುಡ್ಡೆಗೆ ಕಾಂಕ್ರೀಟ್ ರಸ್ತೆ ಬಂದ ದಿನ ಪಾಯಸ ಮಾಡಿ ಹಂಚಿದ್ದೆವು. ಅದಕ್ಕೆ ಮೊದಲು ಹುಷಾರಿಲ್ಲದವರನ್ನು ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು, ತೋಡು (ಸಣ್ಣ ಹಳ್ಳ) ದಾಟಿಸಿ ಜೀಪಿನವರೆಗೆ ತರಬೇಕಿತ್ತು. ರಸ್ತೆ ಬೇಡ ಎಂದವರು ಊರಲ್ಲಿ ಒಬ್ಬರೂ ಇರಲಿಲ್ಲ. ಆದರೆ ಮುಂದಿನ ಆಟಿಯಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು) ರಸ್ತೆಯೇ ತೋಡಾಯಿತು. ಮೇಲಿನ ಪದವಿನ, ಅಂದರೆ ಗುಡ್ಡೆಯ ತಲೆಯ ಮೇಲಿನ ಕಲ್ಲುಬಯಲಿನ, ನೀರೆಲ್ಲ ಕಾಂಕ್ರೀಟಿನ ಮೇಲೆ ಓಡಿ ಬಂದು ಕೆಳಮನೆಯವರ ತೋಟಕ್ಕೆ ನುಗ್ಗಿತು. ಅಡಿಕೆ ಮರಗಳ ಬುಡದ ಮಣ್ಣು ಕೊಚ್ಚಿಕೊಂಡು ಹೋಯಿತು. ಮರುವರ್ಷ ಮಾರ್ಚ್ ಬರುವಾಗ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ನಮ್ಮ ಸುರಂಗದ ನೀರು ಬೆರಳಿನ ಗಾತ್ರದಿಂದ ನೂಲಿನ ಗಾತ್ರಕ್ಕೆ ಇಳಿದಿತ್ತು. ರಸ್ತೆಗೆ ಕಡಿದ ಮಣ್ಣನ್ನು ಮೇಲಿನ ಪಳ್ಳಕ್ಕೆ, ಅಂದರೆ ಮಳೆನೀರು ನಿಂತು ಇಂಗುವ ಹೊಂಡಕ್ಕೆ, ತುಂಬಿಸಿದ್ದರು. ‘ಸುಮ್ನೆ ಬಿದ್ದಿರುವ ಹೊಂಡ ಅಲ್ವಾ’ ಅಂತ.

ತಪ್ಪು ನಮ್ಮದೇ ಜಾಸ್ತಿ. ಕೆಲಸ ಶುರುವಾಗುವ ಮೊದಲು ಎಸ್ಟಿಮೇಟ್ ತೆಗೆದು ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಆಮೇಲೆ ಐದಾರು ವರ್ಷ ಗ್ರಾಮಸಭೆ, ವಿಲೇಜ್ ಆಫೀಸು, ಕೃಷಿಭವನ ಅಂತ ಅಲೆದು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಒಳನಾಡಿನ ಒಂದು ವಾರ್ಡು ನಿಮ್ಮದಾಗಿದ್ದರೆ ಇದು ಹೆಚ್ಚು ಕಮ್ಮಿ ಹಾಗೆಯೇ ಉಪಯೋಗಕ್ಕೆ ಬರುತ್ತದೆ.

ಊರಿನ ಚಂದ ಬೇಕಾ, ಸೌಕರ್ಯ ಬೇಕಾ ಅಂತ ಸಭೆಯಲ್ಲಿ ಕೇಳಬೇಡಿ. ಕೇಳಿದರೆ ಚಂದ ಸೋಲುತ್ತದೆ, ಸೋಲಬೇಕಾದದ್ದೇ. ಕೆಸರಿನಲ್ಲಿ ನಡೆಯುವವನಿಗೆ ಹಸಿರಿನ ಉಪದೇಶ ಮಾಡುವುದು ಸರಿಯಲ್ಲ. ‘ನೀರು ಯಾವ ದಾರಿಯಲ್ಲಿ ಹೋಗುತ್ತದೆ’ ಅಂತ ಕೇಳಿ. ಅದಕ್ಕೆ ಎಲ್ಲರೂ ಉತ್ತರ ಕೊಡುತ್ತಾರೆ, ಪಕ್ಷಭೇದ ಇಲ್ಲದೆ. ನಮ್ಮ ಕಡೆ ಬನ, ಬೈಲು (ಗುಡ್ಡೆಗಳ ನಡುವಿನ ತಗ್ಗಿನ ಗದ್ದೆ, ತೋಟ), ಹಕ್ಕಿ, ಹೂ ಎಲ್ಲ ಇರುವುದೂ ಆ ದಾರಿಯ ಬದಿಯಲ್ಲೇ.

ಮೊದಲ ಹೆಜ್ಜೆ: ಊರನ್ನು ಎರಡು ಸಲ ನಡೆದು ನೋಡಿ

ಒಂದು ಸಲ ಆಟಿಯ ಜಡಿಮಳೆಯಲ್ಲಿ. ಇನ್ನೊಂದು ಸಲ ಮಾರ್ಚ್ ಕೊನೆಯಲ್ಲಿ. ಎರಡೂ ಬೇಕು. ಆಟಿಯಲ್ಲಿ ನೀರು ಎಲ್ಲಿ ಹರಿಯುತ್ತದೆ ಅಂತ ಕಾಣುತ್ತದೆ, ಮಾರ್ಚ್‌ನಲ್ಲಿ ಎಲ್ಲಿ ಉಳಿಯುತ್ತದೆ ಅಂತ ಕಾಣುತ್ತದೆ.

ಐದಾರು ಜನ ಸಾಕು. ಅವರಲ್ಲಿ ಒಬ್ಬರಾದರೂ ಎಪ್ಪತ್ತು ದಾಟಿದವರು ಇರಲಿ, ಒಬ್ಬ ಸುರಂಗ ತೋಡಿದವ ಅಥವಾ ಬಾವಿ ಕೆಲಸದವ ಇರಲಿ, ಹೆಂಗಸರು ಇರಲೇಬೇಕು. ಬೇಸಗೆಯಲ್ಲಿ ನೀರು ಎಲ್ಲಿಂದ ಹೊತ್ತದ್ದು ಅಂತ ಅವರಿಗೆ ಗೊತ್ತಿರುವಷ್ಟು ಗಂಡಸರಿಗೆ ಗೊತ್ತಿಲ್ಲ. ಒಂದು ದೊಡ್ಡ ಹಾಳೆಯಲ್ಲಿ ಕೈಯಲ್ಲೇ ನಕ್ಷೆ ಬರೆಯಿರಿ. ಮೊಬೈಲಿನ ಉಪಗ್ರಹ ಚಿತ್ರ ಅಳತೆಗೆ ಸಹಾಯಕ್ಕೆ ಬರುತ್ತದೆ. ಆದರೆ ಅಡಿಕೆ ತೋಟದ ಅಡಿಯ ತೋಡು ಅದರಲ್ಲಿ ಕಾಣುವುದಿಲ್ಲ.

ನಕ್ಷೆಯಲ್ಲಿ ಇವಿಷ್ಟು ಬರಲಿ: ಪದವು, ಅದರ ಮೇಲಿನ ಪಳ್ಳಗಳು, ಸುರಂಗಗಳ ಬಾಯಿ ಮತ್ತು ಅವು ಗುಡ್ಡೆಯೊಳಗೆ ಯಾವ ದಿಕ್ಕಿಗೆ ಎಷ್ಟು ಕೋಲು (ಸುರಂಗದವರ ಉದ್ದದ ಅಳತೆ) ಹೋಗಿವೆ ಎಂಬುದು, ಬಾವಿ, ಬೋರು, ತೋಡು, ತೋಡಿನ ನೀರಿಗೆ ಅಡ್ಡ ಕಟ್ಟ ಕಟ್ಟುವ ಜಾಗ, ಗದ್ದೆ, ನಾಗಬನ, ದೈವಸ್ಥಾನ, ಹಳೆಯ ಅಗಳುಗಳು. ಅಗಳನ್ನು ಮರೆಯಬೇಡಿ. ಗಡಿಗೆ ಅಂತ ಹಿರಿಯರು ತೋಡಿದ ಆ ಕಂದಕಗಳು ಮಳೆಗಾಲದಲ್ಲಿ ನೀರು ಇಂಗಿಸುತ್ತವೆ, ಬೇಸಗೆಯಲ್ಲಿ ನಡೆಯುವ ದಾರಿಯಾಗುತ್ತವೆ. ಒಂದೇ ಅಗಳು ಎರಡು ಇಲಾಖೆಯ ಕೆಲಸ ಮಾಡುತ್ತದೆ, ಅದೂ ಸಂಬಳ ಇಲ್ಲದೆ.

ಎರಡನೇ ಹೆಜ್ಜೆ: ಗುಡ್ಡೆಯ ಒಳಗೆ ಏನಿದೆ ಅಂತ ತಿಳಿದುಕೊಳ್ಳಿ

ನಮ್ಮ ಗುಡ್ಡೆಗಳ ಮೇಲ್ಪದರ ಗಟ್ಟಿ ಕೆಂಪುಕಲ್ಲು. ಅದರಲ್ಲಿ ಸಣ್ಣ ಸಣ್ಣ ತೂತುಗಳಿರುವುದರಿಂದ ಮಳೆನೀರು ಕೆಳಗಿಳಿಯುತ್ತದೆ. ಕೆಳಗೆ ಹೋದಂತೆ ಕಲ್ಲು ಮೆದುವಾಗಿ, ಕೊನೆಗೆ ಜೇಡಿ ಸಿಗುತ್ತದೆ. ಜೇಡಿಯಲ್ಲಿ ನೀರು ಸುಲಭಕ್ಕೆ ಇಳಿಯುವುದಿಲ್ಲ. ಹಾಗಾಗಿ ಅದರ ಮೇಲಿಂದಲೇ ಮೆಲ್ಲಗೆ ಇಳಿಜಾರಿನ ಕಡೆಗೆ ಜಿನುಗುತ್ತದೆ. ಸುರಂಗ ತೋಡುವವರು ಹುಡುಕುವುದು ಈ ಜಿನುಗನ್ನೇ. ಎರಡು ಎರಡೂವರೆ ಅಡಿ ಅಗಲ, ಆಳು ನಿಲ್ಲುವಷ್ಟು ಎತ್ತರದಲ್ಲಿ ಅಡ್ಡಕ್ಕೆ ಕೊರೆಯುತ್ತಾ ಹೋದರೆ ನೀರು ತಾನಾಗಿಯೇ ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಇವತ್ತಿಗೂ ಸುರಂಗದ ನೀರನ್ನೇ ಕುಡಿಯುವ ಮನೆಗಳಿವೆ.

ಇಷ್ಟು ಗೊತ್ತಾದರೆ ಎರಡು ವಿಷಯ ಅರ್ಥವಾಗುತ್ತವೆ. ಮೇಲೆ ಕೆಂಪುಕಲ್ಲಿನ ಕೋರೆ ಮಾಡಿ ಜೇಡಿಯವರೆಗೆ ಇಳಿದರೆ ನೀರು ಹಿಡಿದಿಡುವ ಪದರವೇ ಹೋಗುತ್ತದೆ. ಇನ್ನು ಗುಡ್ಡೆಯ ಬುಡವನ್ನು ನೆಟ್ಟಗೆ ಕಡಿದು ಜೇಡಿಯನ್ನು ಮಳೆಗೆ ಒಡ್ಡಿದರೆ, ಒದ್ದೆಯಾದ ಜೇಡಿ ಜಾರಿ ಮೇಲಿನ ಕಲ್ಲನ್ನೂ ಮಣ್ಣನ್ನೂ ಕೆಳಗೆ ತರುತ್ತದೆ. ಮನೆಯ ಹಿಂದೆ ಧರೆ ಕುಸಿದ ಸುದ್ದಿ ಪ್ರತಿ ಜುಲೈಯಲ್ಲಿ ಓದುತ್ತೀರಲ್ಲ, ಹೆಚ್ಚಿನ ಕಡೆ ನಡೆಯುವುದು ಇದೇ.

ಪದವು ‘ಬಂಜರು’ ಎಂಬ ಮಾತನ್ನು ನಿಮ್ಮ ವಾರ್ಡಿನಲ್ಲಿ ಯಾರಾದರೂ ಹೇಳಿದರೆ ಅವರನ್ನು ಕುಂಬಳೆ ಹತ್ತಿರದ ಅನಂತಪುರಕ್ಕೆ ಕರೆದುಕೊಂಡು ಹೋಗಿ. ಸುತ್ತ ಒಣ ಕೆಂಪುಕಲ್ಲು, ನಡುವೆ ಕೆರೆ, ಕೆರೆಯೊಳಗೆ ದೇವಸ್ಥಾನ. ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರ್‌ವರೆಗೆ ಅಲ್ಲೇ ಬದುಕಿತ್ತು. ಮಳೆಗಾಲ ಕಳೆಯುವಾಗ ಪದವಿನ ಮೇಲೆ ನಾಲ್ಕು ಬೆರಳು ಎತ್ತರದ ನೀಲಿ, ಬಿಳಿ ಹೂಗಳು ಹಾಸಿಕೊಳ್ಳುತ್ತವೆ. ನೀಲಿಯವುಗಳಲ್ಲಿ ಕೆಲವು ಬುಡದ ಹತ್ತಿರದ ಸಣ್ಣ ಚೀಲಗಳಲ್ಲಿ ಹುಳ ಹಿಡಿದು ತಿನ್ನುವ ಗಿಡಗಳು. ಗೊಬ್ಬರ ಇಲ್ಲದ ಕಲ್ಲಿನ ಮೇಲೆ ಬದುಕಲು ಅವು ಕಂಡುಕೊಂಡ ದಾರಿ ಅದು.

ಮೇಲೆ ಹಾಕಿದ್ದು ಕೆಳಗೆ ಬರುತ್ತದೆ ಎಂಬುದನ್ನು ಈ ಜಿಲ್ಲೆಗೆ ಯಾರೂ ಪಾಠ ಮಾಡಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡೆಗಳ ಮೇಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಆ ತೋಟಗಳ ಕೆಳಗೆ ಇದ್ದದ್ದು ಮನೆಗಳು, ಸುರಂಗಗಳು, ತೆರೆದ ಬಾವಿಗಳು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ಅದೂ ಅಭಿವೃದ್ಧಿ ಅಂತಲೇ ಬಂದದ್ದು. ಹಾಗಾಗಿ ಪ್ರಶ್ನೆ ಕೇಳುವವನನ್ನು ‘ಅಭಿವೃದ್ಧಿ ವಿರೋಧಿ’ ಎಂದು ಬಾಯಿ ಮುಚ್ಚಿಸುವುದು ಇಲ್ಲಿ ಸ್ವಲ್ಪ ಕಷ್ಟ. ನೀವು ಕೇಳಿ.

ಮೂರನೇ ಹೆಜ್ಜೆ: ಕಾಗದ ತೆಗೆಯಿರಿ

ಬೇಸರದ ಕೆಲಸ, ಆದರೆ ಎರಡು ದಿನದಲ್ಲಿ ಮುಗಿಯುತ್ತದೆ.

ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ನಿಮ್ಮ ರಸ್ತೆ ಇದೆಯಾ ನೋಡಿ. ಅದರಲ್ಲಿ ಸೇರದ ರಸ್ತೆಗೆ ಪಂಚಾಯತಿನ ದುಡ್ಡು ಹಾಕಿಸುವುದು ಕಷ್ಟ. ವಿಲೇಜ್ ಆಫೀಸಿನಲ್ಲಿ ತೋಡು, ಪರಂಬೋಕು (ಸರಕಾರಿ) ಜಾಗಗಳ ಗಡಿ ಕೇಳಿ. ಕೃಷಿಭವನದಲ್ಲಿ ಗದ್ದೆಗಳ ಡೇಟಾ ಬ್ಯಾಂಕ್ ಇರುತ್ತದೆ. ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಆ ಪಟ್ಟಿಯಲ್ಲಿರುವ ಗದ್ದೆಯನ್ನು ಸುಮ್ನೆ ಮಣ್ಣು ಹಾಕಿ ತುಂಬುವಂತಿಲ್ಲ. ಪಂಚಾಯತ್ ಅಧ್ಯಕ್ಷರು, ಕೃಷಿ ಅಧಿಕಾರಿ, ವಿಲೇಜ್ ಆಫೀಸರು ಮತ್ತು ರೈತರ ಪ್ರತಿನಿಧಿಗಳು ಇರುವ ಸ್ಥಳೀಯ ನಿಗಾ ಸಮಿತಿ ಮೊದಲು ನೋಡಬೇಕು. ಮನೆ ಕಟ್ಟಲು ಬೇರೆ ಜಾಗವೇ ಇಲ್ಲದ ಗದ್ದೆಯ ಒಡೆಯರಿಗೆ ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ ಅನುಮತಿ ಸಿಗಬಹುದು. ಇದನ್ನು ಊರವರಿಗೆ ಬಿಡಿಸಿ ಹೇಳಿ. ‘ಕಾಯ್ದೆ ಬಂದರೆ ನನ್ನ ಮಗಳಿಗೆ ಮನೆ ಕಟ್ಟಲಿಕ್ಕಾಗುವುದಿಲ್ಲ’ ಎಂಬ ಹೆದರಿಕೆಯಿಂದಲೇ ಎಷ್ಟೋ ಜನ ಮಾತುಕತೆಗೇ ಬರುವುದಿಲ್ಲ.

ಇನ್ನೊಂದು ಪುಸ್ತಕ ಕೇಳಿ: ಜನತಾ ಜೀವವೈವಿಧ್ಯ ದಾಖಲಾತಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿನಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಈ ದಾಖಲಾತಿ ಮಾಡಬೇಕು. ಎಷ್ಟೋ ಕಡೆ ಅದು ಕಪಾಟಿನಲ್ಲಿ ಮಲಗಿರುತ್ತದೆ. ನಿಮ್ಮ ಪಳ್ಳ, ಬನ, ಸುರಂಗ ಅದರಲ್ಲಿ ಇಲ್ಲದಿದ್ದರೆ ಸೇರಿಸಲು ಬರೆದುಕೊಡಿ. ನಮ್ಮದು ತನ್ನದೇ ಮರ, ಹೂ, ಹಕ್ಕಿ, ಪ್ರಾಣಿ ಅಂತ ಘೋಷಿಸಿಕೊಂಡ ಜಿಲ್ಲೆ. ಮರ ಕಾಸರಕ. ಊರಿನ ಹೆಸರೇ ಅದರಿಂದ ಬಂತು ಅಂತ ಹೇಳುವವರೂ ಇದ್ದಾರೆ. ಅಂಥ ಜಿಲ್ಲೆಯಲ್ಲಿ ಒಂದು ಪಳ್ಳದ ಹೆಸರು ಬರೆಸುವುದಕ್ಕೆ ಸಂಕೋಚ ಬೇಡ.

ಅರ್ಜಿ ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಲು ಅವಕಾಶ ಕೊಡುತ್ತದೆ. ಸಂವಿಧಾನದ 350ನೇ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಆದರೆ ಎಸ್ಟಿಮೇಟ್ ಬರುವುದು ಇಂಗ್ಲಿಷಿನಲ್ಲಿ, ಅದರ ಮೇಲಿನ ಟಿಪ್ಪಣಿ ಮಲಯಾಳದಲ್ಲಿ. ಅದನ್ನು ಓದಿ ಹೇಳುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಇಟ್ಟುಕೊಳ್ಳಿ. ಹಕ್ಕಿನ ಮಾತು ಬೇರೆ, ಮಂಗಳವಾರ ಮಧ್ಯಾಹ್ನ ಕೌಂಟರಿನ ಎದುರು ಆಗಬೇಕಾದ ಕೆಲಸ ಬೇರೆ.

ನಾಲ್ಕನೇ ಹೆಜ್ಜೆ: ಗ್ರಾಮಸಭೆಗೆ ನಕ್ಷೆ ಹಿಡಿದು ಹೋಗಿ

ಕೇರಳದಲ್ಲಿ ಗ್ರಾಮಸಭೆ ಅಂದರೆ ವಾರ್ಡಿನ ಸಭೆ. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮತದಾರರಲ್ಲಿ ನೂರಕ್ಕೆ ಹತ್ತು ಜನ ಇರಬೇಕು. ಅಷ್ಟೇ ಜನ ಬರೆದು ಕೊಟ್ಟರೆ ವಿಶೇಷ ಸಭೆಯನ್ನೂ ಕರೆಸಬಹುದು. ನಮ್ಮಲ್ಲಿ ಹೆಚ್ಚಿನವರು ಹೋಗುವುದು ಮನೆ, ಕೋಳಿ, ತೆಂಗಿನ ಸಸಿ ಪಟ್ಟಿಯಲ್ಲಿ ಹೆಸರು ಬರಲಿ ಅಂತ. ಅದರಲ್ಲಿ ತಪ್ಪೇನಿಲ್ಲ. ಪಟ್ಟಿ ಓದಿ ಮುಗಿದ ಮೇಲೆ ಎದ್ದು ಹೋಗಬೇಡಿ, ಅಷ್ಟೇ.

ಪಂಚಾಯತಿನ ಯೋಜನೆ ಮೊದಲು ಕಾರ್ಯಗುಂಪು, ಆಮೇಲೆ ಗ್ರಾಮಸಭೆ, ಅಭಿವೃದ್ಧಿ ಸೆಮಿನಾರ್, ಪಂಚಾಯತ್ ಸಮಿತಿ, ಕೊನೆಗೆ ಜಿಲ್ಲಾ ಯೋಜನಾ ಸಮಿತಿ ಅಂತ ಮೆಟ್ಟಿಲು ಹತ್ತುತ್ತದೆ. 1996ರಲ್ಲಿ ಶುರುವಾದ ಜನಕೀಯ ಯೋಜನೆಯ ಕ್ರಮ ಇದು. ನಿಮ್ಮ ಮಾತು ಸೇರಬೇಕಾದ್ದು ಕೆಳಗಿನ ಎರಡು ಮೆಟ್ಟಿಲಲ್ಲಿ. ಟೆಂಡರು ಆದ ಮೇಲೆ ಜೆಸಿಬಿಗೆ ಅಡ್ಡ ನಿಲ್ಲುವುದರಿಂದ ಪತ್ರಿಕೆಯಲ್ಲಿ ಫೋಟೋ ಬರಬಹುದು, ಮೋರಿ ಬರುವುದಿಲ್ಲ.

ಸಭೆಗೆ ಒಂದು ವಾರ ಮೊದಲು ಮೆಂಬರನ್ನು ಮನೆಗೆ ಕರೆದು ಚಾ ಕೊಟ್ಟು ನಕ್ಷೆ ತೋರಿಸಿ. ಸಭೆಯಲ್ಲಿ ಅವರಿಗೆ ಆಶ್ಚರ್ಯ ಆಗಬಾರದು. ಬೇಡಿಕೆ ಒಂದು ಪುಟ ದಾಟದಿರಲಿ. ‘ಪರಿಸರ ಉಳಿಸಬೇಕು’ ಅಂತ ಬರೆದರೆ ನಿರ್ಣಯ ಪುಸ್ತಕದಲ್ಲಿ ಅದು ಹಾಗೇ ಉಳಿಯುತ್ತದೆ. ‘ಇಂಥವರ ತೋಟದ ಮೂಲೆಯಲ್ಲಿ ಮೂರು ಅಡಿ ಅಗಲದ ಸ್ಲಾಬ್ ಮೋರಿ, ಪಳ್ಳದ ಬದಿಯಲ್ಲಿ ಮಣ್ಣು ಹಾಕಕೂಡದು’ ಅಂತ ಬರೆದರೆ ಓವರ್‌ಸಿಯರು ಅಳತೆ ತೆಗೆಯಬೇಕಾಗುತ್ತದೆ.

ಐದನೇ ಹೆಜ್ಜೆ: ರಸ್ತೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಊರು ಕೆಡುವುದೂ ಇಲ್ಲೇ, ಉಳಿಯುವುದೂ ಇಲ್ಲೇ.

ದಾರಿ ಎಲ್ಲಿ ಹೋಗಬೇಕು? ನೆಟ್ಟಗೆ ಏರುವ ರಸ್ತೆ ಚಿಕ್ಕದು, ಖರ್ಚೂ ಕಮ್ಮಿ ಅಂತ ಕಾಣುತ್ತದೆ. ಆದರೆ ಮಳೆಗಾಲದಲ್ಲಿ ಅದೇ ಜಾರುಬಂಡೆ. ಗುಡ್ಡೆಯ ಸೊಂಟ ಬಳಸಿಕೊಂಡು ಓರೆಯಾಗಿ ಏರಲಿ. ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಏರು, ಅದಕ್ಕಿಂತ ಜಾಸ್ತಿ ಬೇಡ ಅಂತ ನಾವು ಲೆಕ್ಕ ಇಟ್ಟುಕೊಂಡಿದ್ದೇವೆ. ಸಿಮೆಂಟು ಹೇರಿದ ಪಿಕಪ್ಪು ಒದ್ದಾಡದೆ ಹತ್ತುತ್ತದೆ. ಇದಕ್ಕೆ ಜಾಗ ಬಿಟ್ಟುಕೊಡುವವರು ಹೆಚ್ಚು ಜನ ಬೇಕಾಗುತ್ತದೆ. ಜಾಗದ ಮಾತನ್ನು ಊರವರೇ ಮುಗಿಸಬೇಕು, ಪಂಚಾಯತಿಗೆ ಬಿಡಬಾರದು. ಬಿಟ್ಟುಕೊಡುವವರ ಒಪ್ಪಿಗೆ ಪತ್ರದಲ್ಲಿ ರಸ್ತೆಯ ಅಗಲ ಬರೆದಿರಲಿ. ‘ಆಮೇಲೆ ನೋಡುವ’ ಎಂದದ್ದು ಎರಡು ತಲೆಮಾರಿನ ಜಗಳವಾದ ಉದಾಹರಣೆ ನಿಮ್ಮ ಊರಲ್ಲೂ ಇರಬಹುದು.

ಅಗಲ ಎಷ್ಟು? ಹತ್ತು ಹನ್ನೆರಡು ಮನೆಗೆ ಹೋಗುವ ರಸ್ತೆಗೆ ಮೂರು ಮೀಟರ್ ಸಾಕು, ಅಲ್ಲಲ್ಲಿ ಎದುರು ಗಾಡಿಗೆ ಜಾಗ ಬಿಡಲು ಸ್ವಲ್ಪ ಅಗಲ ಮಾಡಿದರಾಯಿತು. ಒಂದೆರಡು ಮನೆಯ ಕಡಿದಾದ ಖಾಸಗಿ ದಾರಿಯಾದರೆ ಎರಡು ಚಕ್ರದ ಪಟ್ಟಿಗೆ ಮಾತ್ರ ಕಾಂಕ್ರೀಟ್ ಹಾಕಿ, ನಡುವೆ ಹುಲ್ಲು ಬಿಡಿ. ಅರ್ಧ ಖರ್ಚು, ನೀರೂ ಇಂಗುತ್ತದೆ, ನೋಡಲಿಕ್ಕೂ ಚಂದ.

ಚರಂಡಿ ಇಲ್ಲದ ರಸ್ತೆಗೆ ಒಪ್ಪಬೇಡಿ. ದುಡ್ಡು ಸಾಲದಿದ್ದರೆ ಈ ವರ್ಷ ನೂರು ಮೀಟರ್ ಕಮ್ಮಿ ಆಗಲಿ. ಇದು ನನ್ನ ಹಟ ಅಂತಲೇ ತಿಳಿದುಕೊಳ್ಳಿ. ಗುಡ್ಡೆಯ ಬದಿಗೆ ಚರಂಡಿ, ಏರು ಜಾಸ್ತಿ ಇರುವಲ್ಲಿ ಹತ್ತು ಹದಿನೈದು ಮೀಟರಿಗೊಂದು ಅಡ್ಡ ಕಣಿ (ಸಣ್ಣ ಕಾಲುವೆ). ರಸ್ತೆಯ ನೀರು ಒಂದೇ ಕಡೆ ಸೇರಿ ಬಲ ಪಡೆಯಬಾರದು. ಅಲ್ಲಲ್ಲಿ ಸಣ್ಣದಾಗಿ ತೋಟದ ಕಣಿಗೋ ಅಗಳಿಗೋ ಇಳಿದು ಹೋಗಬೇಕು.

ತೋಡು ದಾಟುವಲ್ಲಿ ಒಂದಡಿಯ ಸಿಮೆಂಟ್ ಪೈಪು ಹಾಕಿ ಹೋಗುತ್ತಾರೆ. ನಮ್ಮ ತೋಡಿನಲ್ಲಿ ಬರೀ ನೀರು ಬರುವುದಲ್ಲ, ಅಡಿಕೆ ಹಾಳೆ, ಸೋಗೆ, ತೆಂಗಿನ ಮಡಲು ಎಲ್ಲ ಬರುತ್ತದೆ. ಪೈಪಿನ ಬಾಯಿಗೆ ಒಂದು ಮಡಲು ಅಡ್ಡ ಬಿದ್ದರೆ ಸಾಕು, ಅರ್ಧ ಗಂಟೆಯಲ್ಲಿ ರಸ್ತೆಯ ಮೇಲೆ ನೀರು. ಕಲ್ಲು ಕಟ್ಟಿ ಮೇಲೆ ಸ್ಲಾಬು ಹಾಕಿದ ಮೋರಿ ಕೇಳಿ, ಅದರೊಳಗೆ ಹಾರೆ ಹಾಕಿ ಕಸ ಎಳೆಯಲು ಬರುತ್ತದೆ. ಎಷ್ಟು ದೊಡ್ಡದು ಬೇಕು ಅಂತ ಎಂಜಿನಿಯರಿಗೆ ಬೇಸಗೆಯಲ್ಲಿ ನೋಡಿದರೆ ಗೊತ್ತಾಗುವುದಿಲ್ಲ. ಆಟಿಯಲ್ಲಿ ನೀವು ತೆಗೆದ ಫೋಟೋ ತೋರಿಸಿ.

ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ? ಕೆಲಸ ಶುರುವಾಗುವ ಮೊದಲೇ ಈ ಪ್ರಶ್ನೆಗೆ ಉತ್ತರ ಇರಬೇಕು. ಹತ್ತಿರದ ತಗ್ಗು ಅಂದರೆ ಸಾಮಾನ್ಯವಾಗಿ ಪಳ್ಳ, ತೋಡು ಅಥವಾ ಗದ್ದೆ. ತಡೆಗೋಡೆ ಕಟ್ಟಿದರೆ ನೀರು ಹೊರಬರಲು ತೂತು ಬಿಟ್ಟಿದ್ದಾರಾ ನೋಡಿ. ತೂತಿಲ್ಲದ ಗೋಡೆ ಹಿಂದಿನ ನೀರಿನ ಭಾರಕ್ಕೆ ಬಾಗುತ್ತದೆ.

ಸಮಯ. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಯುತ್ತದೆ, ಹಾಗಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಅವಸರದ ಕೆಲಸ. ನಮ್ಮ ಹಳೆಯ ಲೆಕ್ಕದಲ್ಲಿ ಪತ್ತನಾಜೆಗೆ ಯಕ್ಷಗಾನದ ಗೆಜ್ಜೆ ಬಿಚ್ಚುತ್ತಾರೆ, ದೈವದ ಕೋಲಗಳು ನಿಲ್ಲುತ್ತವೆ. ಮೇ 24ರ ಆಸುಪಾಸು ಅದು. ಮಣ್ಣು ಕೆಲಸವೂ ಅಷ್ಟರೊಳಗೆ ನಿಲ್ಲಬೇಕು ಅಂತ ನಾವು ನಿರ್ಣಯದಲ್ಲೇ ಬರೆಸಿದ್ದೇವೆ. ಒಂದು ವಾರದಲ್ಲಿ ಮುಂಗಾರು ಬಂದರೆ ಸಡಿಲ ಮಣ್ಣೆಲ್ಲ ಬೈಲಿಗೆ.

ಆರನೇ ಹೆಜ್ಜೆ: ಮನೆ, ಅಂಗಳ, ಬೋರು

ಹೊಸ ಮನೆಗೆ ಈಗ ಮೊದಲು ಬರುವುದು ಹಿಟಾಚಿ. ಗುಡ್ಡೆಯನ್ನು ಕಡಿದು ಒಂದು ಆಟದ ಮೈದಾನ ಮಾಡಿ, ನಡುವೆ ಮನೆ. ಹಳೆಯವರು ಇಳಿಜಾರಿನಲ್ಲೇ ಎರಡು ಮೂರು ಮೆಟ್ಟಿಲಾಗಿ ಮನೆ, ಅಂಗಳ, ಹಟ್ಟಿ ಮಾಡುತ್ತಿದ್ದರು. ಆ ಕ್ರಮಕ್ಕೆ ಟೈಲ್ಸು, ಅಟ್ಯಾಚ್ಡ್ ಬಾತ್‌ರೂಮು ಎಲ್ಲ ಹೊಂದುತ್ತದೆ. ಕಡಿಯುವ ಮಣ್ಣು ಕಮ್ಮಿಯಾದರೆ ಗೋಡೆಯ ಖರ್ಚೂ ಕಮ್ಮಿ.

ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವ ಮೊದಲು ಒಂದು ಲೆಕ್ಕ ನೋಡಿ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ. 1,000 ಚದರ ಅಡಿಯ ಮಾಡಿನ (ಚಾವಣಿಯ) ಮೇಲೆ 3,000 ಮಿಲಿಮೀಟರ್ ಬಿದ್ದರೆ ಸುಮಾರು 2,80,000 ಲೀಟರ್. ಅಂಗಳವೂ ಅಷ್ಟೇ ದೊಡ್ಡದಿದ್ದರೆ ಇನ್ನೊಂದು ಅಷ್ಟು. ಎಲ್ಲವನ್ನೂ ಗೇಟಿನಿಂದ ಹೊರಗೆ ಕಳಿಸಿ, ಏಪ್ರಿಲ್‌ನಲ್ಲಿ ಟ್ಯಾಂಕರಿಗೆ ಫೋನು ಮಾಡುವುದು! ಮಾಡಿನ ನೀರನ್ನು ಜಲ್ಲಿ, ಮರಳು ತುಂಬಿದ ತೊಟ್ಟಿಯಲ್ಲಿ ಸೋಸಿ ಬಾವಿಗೆ ಇಳಿಸಿ. ಮೊದಲ ಎರಡು ಮೂರು ಮಳೆಯ ನೀರನ್ನು ಮಾತ್ರ ಹೊರಗೆ ಬಿಡಿ.

ಬೋರು ಹಾಕಲೇಬೇಡಿ ಅಂತ ಹೇಳುವ ಧೈರ್ಯ ನನಗಿಲ್ಲ, ನಮ್ಮ ತೋಟದಲ್ಲೂ ಒಂದು ಇದೆ. ಸುರಂಗದ ಸಾಲಿನಿಂದ ದೂರ ಹಾಕಿ. ಅದಕ್ಕೆ ಮೊದಲು ಊರಿನ ಕಟ್ಟವನ್ನು ಮತ್ತೆ ಎಬ್ಬಿಸಿ. ಡಿಸೆಂಬರ್, ಜನವರಿಯಲ್ಲಿ ತೋಡಿನ ಹರಿವು ಇಳಿಯುವಾಗ ಕಲ್ಲು, ಮಣ್ಣು, ಅಡಿಕೆ ಸಲಾಕೆ ಹಾಕಿ ಕಟ್ಟುವ ಕಟ್ಟ ಬೇಸಗೆಯುದ್ದಕ್ಕೂ ಸುತ್ತಲಿನ ಬಾವಿಗಳ ನೀರು ಹಿಡಿದಿಡುತ್ತದೆ. ಏತಡ್ಕದಂಥ ಊರಿನಲ್ಲಿ ಒಂದರ ಕೆಳಗೆ ಒಂದು ಅಂತ ಸಾಲಾಗಿ ಕಟ್ಟುತ್ತಾರೆ. ಒಂದೇ ಕಟ್ಟ ಕಟ್ಟಿದರೆ ಮೇಲಿನವನಿಗೆ ಲಾಭ, ಸಾಲು ಕಟ್ಟಿದರೆ ಇಡೀ ಬೈಲಿಗೆ. ಒಂದು ಭಾನುವಾರದ ಶ್ರಮದಾನ, ಮಧ್ಯಾಹ್ನ ಗಂಜಿ, ಚಟ್ನಿ. ತಾತ್ಕಾಲಿಕ ಅಂತ ಬೇಜಾರು ಪಡುವವರು ಶಾಶ್ವತ ಕಾಂಕ್ರೀಟ್ ಕಟ್ಟದ ಹಿಂದೆ ಹೂಳು ತುಂಬಿದ್ದನ್ನು ಹೋಗಿ ನೋಡಲಿ.

ಏಳನೇ ಹೆಜ್ಜೆ: ನೋಡಲು ಬರುವವರು, ದೀಪ, ಕಸ

ಪೊಸಡಿಗುಂಪೆ ಗುಡ್ಡೆಯಂಥ ಜಾಗಕ್ಕೆ ಜನ ಬರುವುದು ಒಳ್ಳೆಯದೇ. ನಾಲ್ಕು ಮನೆಗೆ ಹೋಂಸ್ಟೇಯಿಂದ ಸಂಪಾದನೆಯಾದರೆ ನಮ್ಮ ಮಕ್ಕಳು ಮಂಗಳೂರಿನಿಂದ ವಾರಕ್ಕೊಮ್ಮೆಯಾದರೂ ಬಂದಾರು. ಗಾಡಿ ಎಲ್ಲಿಯವರೆಗೆ ಬರಬಹುದು ಎಂಬುದನ್ನು ಮೊದಲೇ ನಿಶ್ಚಯಿಸಿ. ಪದವಿನ ಮೇಲೆ ಬೈಕು ಹತ್ತಿಸಿದರೆ ಆ ನಾಲ್ಕು ಬೆರಳಿನ ಹೂಗಳ ಕಥೆ ಮುಗಿಯಿತು. ಬಾಟಲಿ, ತಟ್ಟೆ ತಂದವರೇ ಕೊಂಡು ಹೋಗಲಿ. ಮನೆಗಳ ಪ್ಲಾಸ್ಟಿಕ್ಕಿಗೆ ಹರಿತ ಕರ್ಮ ಸೇನೆಯ ಹೆಂಗಸರು ಬರುತ್ತಾರೆ. ಅವರಿಗೆ ತಿಂಗಳ ಶುಲ್ಕ ಕೊಡಲು ತಕರಾರು ಮಾಡಿ, ತೋಡಿಗೆ ಎಸೆಯುವವರೂ ನಮ್ಮವರೇ.

ಬೀದಿದೀಪ ತಿರುವಿನಲ್ಲಿ, ಮನೆಯ ಹತ್ತಿರ ಇರಲಿ. ಬನದ ಬದಿಗೆ ಬೇಡ, ಅಥವಾ ಬೆಳಕು ಕೆಳಗೆ ಮಾತ್ರ ಬೀಳುವಂತೆ ಮುಚ್ಚಳ ಹಾಕಿಸಿ. ಬೆಳಕು ಜಾಸ್ತಿಯಾದಲ್ಲಿ ಮಿಣುಕುಹುಳಗಳಿಗೆ ಜೊತೆ ಸಿಗುವುದಿಲ್ಲ.

ಕೊನೆಯ ಹೆಜ್ಜೆ: ಮೊದಲ ದೊಡ್ಡ ಮಳೆಯ ದಿನ

ಜೂನ್‌ನ ಮೊದಲ ದೊಡ್ಡ ಮಳೆಗೆ ಕೊಡೆ, ಹಾರೆ, ಮೊಬೈಲು ಹಿಡಿದು ರಸ್ತೆಯ ತುದಿಯಿಂದ ಬುಡದವರೆಗೆ ನಡೆಯಿರಿ. ಮೋರಿಯಲ್ಲಿ ನೀರು ಹೋಗುತ್ತಿದೆಯಾ, ಪಕ್ಕದಲ್ಲಿ ಹೋಗುತ್ತಿದೆಯಾ? ಅಡ್ಡ ಕಣಿ ಹೂಳಿನಿಂದ ತುಂಬಿದೆಯಾ? ತಡೆಗೋಡೆಯ ತೂತಿನಲ್ಲಿ ನೀರು ಬರುತ್ತಿದೆಯಾ? ತೋಡಿನ ನೀರಿನ ಬಣ್ಣವನ್ನೂ ನೋಡಿ. ದಟ್ಟ ಕೆಂಪಾಗಿದ್ದರೆ ಎಲ್ಲೋ ಮೇಲೆ ಮಣ್ಣು ಬಿಟ್ಟಿದೆ, ಹತ್ತಿ ಹುಡುಕಿ. ಫೋಟೋ, ತಾರೀಖು ಹಾಕಿ ಪಂಚಾಯತ್ ಸೆಕ್ರೆಟರಿಗೂ ಓವರ್‌ಸಿಯರಿಗೂ ಬರವಣಿಗೆಯಲ್ಲಿ ಕೊಟ್ಟು ರಶೀದಿ ತೆಗೆದುಕೊಳ್ಳಿ. ಗುತ್ತಿಗೆದಾರರು ದೋಷ ಸರಿಮಾಡಿ ಕೊಡಬೇಕಾದ ಅವಧಿ ಒಪ್ಪಂದದಲ್ಲೇ ಇರುತ್ತದೆ. ಅದು ಮುಗಿಯುವ ಮೊದಲು ನಿಮ್ಮ ಕಾಗದ ಅವರ ಮೇಜಿನ ಮೇಲೆ ಇರಬೇಕು.

ನಮ್ಮ ಪಳ್ಳದಿಂದ ಮಣ್ಣು ತೆಗೆಸಲು ಮೂರು ವರ್ಷ ಹಿಡಿಯಿತು. ಸುರಂಗದ ನೀರು ಹೋದ ಮಾರ್ಚ್‌ನಲ್ಲಿ ಕಿರುಬೆರಳಿನಷ್ಟು ಇತ್ತು.